ಇದು ಯಾವ ದಿನದ ಹಡಗು?

ಪ್ರದರ್ಶನದ ಮೇಜಿನ ಮೇಲೆ ಮರದ ಹಡಗೊಂದು ನಿಂತಿದೆ. ಕಟ್ಟಲು ಮೂರು ವರ್ಷ ಹಿಡಿದಿದೆ. ಹಿಂಭಾಗದ ತುಂಬ ಚಿನ್ನದ ಬಣ್ಣದ ಕೆತ್ತನೆಗಳು, ಅವುಗಳ ಹಿಂದೆ ಗಾಢ ನೀಲಿ. ಸ್ವೀಡನ್ನಿನ ಪ್ರಸಿದ್ಧ ಯುದ್ಧನೌಕೆ ‘ವಾಸಾ’ದ ಮಾದರಿ ಅದು. ನೋಡಲು ಬಂದವರೊಬ್ಬರು ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು, ‘ನೀಲಿ ತಪ್ಪು, ಕೆಂಪು ಇರಬೇಕಿತ್ತು’ ಎಂದು ಹೇಳಿ ಪಕ್ಕದ ಮೇಜಿಗೆ ಹೋಗಿಬಿಡುತ್ತಾರೆ. ಮೂರು ವರ್ಷದ ಕೆಲಸಕ್ಕೆ ನಾಲ್ಕು ಪದದ ತೀರ್ಪು.

ಅವರು ಹೇಳಿದ್ದು ಸುಳ್ಳೇನೂ ಅಲ್ಲ. ವಾಸಾ 1628ರ ಆಗಸ್ಟ್ 10ರಂದು, ತನ್ನ ಮೊದಲ ಯಾನದಲ್ಲೇ, ಸ್ಟಾಕ್‌ಹೋಮ್ ಬಂದರಿನಲ್ಲಿ ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಮುಳುಗಿತು. 1961ರ ಏಪ್ರಿಲ್ 24ರಂದು ಅದನ್ನು ಮೇಲೆತ್ತಿದರು. ಮೇಲೆತ್ತಿದಾಗ ಬಣ್ಣವೆಲ್ಲ ಬಹುಮಟ್ಟಿಗೆ ಅಳಿಸಿಹೋಗಿತ್ತು. ಆ ಕಾಲದ ಬೇರೆ ಅರಸೊತ್ತಿಗೆಯ ಹಡಗುಗಳನ್ನು ನೋಡಿ, ಇದಕ್ಕೂ ನೀಲಿ ಹಿನ್ನೆಲೆ, ಚಿನ್ನದ ಕೆತ್ತನೆ ಇದ್ದಿರಬೇಕು ಎಂದು ಹಲವು ವರ್ಷ ನಂಬಿದ್ದರು. ಮರದ ಸಂದುಗಳಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ ಚಿತ್ರ ಬದಲಾಯಿತು: ಹಿನ್ನೆಲೆ ಕೆಂಪು, ಕೆತ್ತನೆಗಳು ಬಣ್ಣಬಣ್ಣದವು. ಈಗ ಸ್ಟಾಕ್‌ಹೋಮ್‌ನ ವಾಸಾ ಮ್ಯೂಸಿಯಂನಲ್ಲಿ ಮೂಲ ಹಡಗಿನ ಪಕ್ಕದಲ್ಲೇ ಇರುವ 1:10 ಅಳತೆಯ ಮಾದರಿಯಲ್ಲಿ ಆ ಬಣ್ಣಗಳನ್ನು ನೋಡಬಹುದು.

ಅಂದರೆ 1975ರಲ್ಲಿ ವಾಸಾ ಮಾದರಿಗೆ ನೀಲಿ ಬಳಿದವರು ಅಂದಿನ ತಿಳಿವಳಿಕೆಗೆ ತಕ್ಕಂತೆಯೇ ಬಳಿದಿದ್ದರು. ಅದೇ ಕಾಲದ ಕಿಟ್ಟನ್ನು, ಅಂದರೆ ಬಿಡಿಭಾಗಗಳ ಪೆಟ್ಟಿಗೆಯನ್ನು, ಇವತ್ತು ಕೊಂಡು, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ನೀಲಿ ಬಳಿದವರು ಹಳೆಯ ನಂಬಿಕೆಯನ್ನು ಗೊತ್ತಿಲ್ಲದೆ ಮುಂದುವರಿಸಿದ್ದಾರೆ. ತಪ್ಪು ಕಿಟ್ಟಿನದು, ಮಾತು ಕೇಳಿಸಿಕೊಂಡವರು ಕಟ್ಟಿದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮಾದರಿ ಹಡಗು ಕಟ್ಟುವ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಎದುರಾಗುವ ಗೊಂದಲವೇ ಇದು. ‘ಇತಿಹಾಸಕ್ಕೆ ನಿಷ್ಠವಾಗಿದೆ’ ಎಂದರೆ ನಿಜಕ್ಕೂ ಏನು? ಯಾವುದನ್ನು ತಪ್ಪು ಎನ್ನಬಹುದು? ಎನ್ನಲೇಬೇಕಾದರೆ ಹೇಗೆ ಎನ್ನಬೇಕು?

ಹೆಸರು ಸಾಲದು, ತಾರೀಕು ಬೇಕು

ಮನೆಯೊಂದರ ಎರಡು ಫೋಟೊ ನಿಮ್ಮ ಮುಂದಿದೆ ಎಂದುಕೊಳ್ಳಿ, ನಡುವೆ ಮೂವತ್ತು ವರ್ಷದ ಅಂತರ. ಗೋಡೆಯ ಬಣ್ಣ ಬೇರೆ, ಕಿಟಕಿ ಬೇರೆ, ಮೇಲೊಂದು ಅಂತಸ್ತು ಎದ್ದಿದೆ. ಯಾವ ಫೋಟೊ ಸರಿ ಎಂದು ಯಾರೂ ಕೇಳುವುದಿಲ್ಲ. ಹಡಗಿನ ವಿಷಯದಲ್ಲಿ ಮಾತ್ರ ನಾವು ಹಾಗೆ ಕೇಳಿಬಿಡುತ್ತೇವೆ. ಯಾಕೆಂದರೆ ಹಡಗಿನ ಹೆಸರು ಹೇಳಿದ ತಕ್ಷಣ ಒಂದೇ ಒಂದು ರೂಪ ಕಣ್ಣಿಗೆ ಕಟ್ಟುತ್ತದೆ.

ಬ್ರಿಟನ್ನಿನ ‘ಎಚ್‌ಎಂಎಸ್ ವಿಕ್ಟರಿ’ಯನ್ನೇ ನೋಡೋಣ. ಕೆಲಸ ಶುರುವಾದದ್ದು 1759ರಲ್ಲಿ, ನೀರಿಗಿಳಿದದ್ದು 1765ರಲ್ಲಿ, ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ್ದು 1805ರ ಅಕ್ಟೋಬರ್ 21ರಂದು. ನೀರಿಗಿಳಿದ ದಿನ ಅದರ ಹಿಂಭಾಗದಲ್ಲಿ ತೆರೆದ ಮೊಗಸಾಲೆಗಳಿದ್ದವು, ಮೂತಿಯಲ್ಲಿ ಭಾರೀ ಕೆತ್ತನೆಯ ಬೊಂಬೆಗಳ ಗುಂಪಿತ್ತು. 1800ರಿಂದ 1803ರವರೆಗೆ ನಡೆದ ದೊಡ್ಡ ರಿಪೇರಿಯಲ್ಲಿ ಮೊಗಸಾಲೆಗಳನ್ನು ಮುಚ್ಚಿದರು, ಮೂತಿಗೆ ಸರಳವಾದ ಹೊಸ ಕೆತ್ತನೆ ಬಂತು. ನೀರಿನೊಳಗಿನ ಭಾಗಕ್ಕೆ ತಾಮ್ರದ ತಗಡು ಹೊದಿಸಿದ್ದು 1780ರಲ್ಲಿ. ಆದ್ದರಿಂದ 1765ರ ವಿಕ್ಟರಿ ಎಂದು ಬರೆದು ಅಡಿಗೆ ತಾಮ್ರ ಹೊದಿಸಿದರೆ ತಪ್ಪು. 1805ರದು ಎಂದು ಬರೆದು ಹೊದಿಸದೆ ಬಿಟ್ಟರೂ ತಪ್ಪು. ತಾಮ್ರದಲ್ಲಿ ಏನೂ ವ್ಯತ್ಯಾಸವಿಲ್ಲ, ಚೀಟಿಯ ಮೇಲಿನ ಇಸವಿಯಲ್ಲಿದೆ.

ಹಡಗು ಇನ್ನೂ ಇದೆಯಲ್ಲ, ಹೋಗಿ ನೋಡಿದರಾಯಿತು ಎನ್ನಬಹುದು. ಇದೆ. 1922ರಿಂದ ಪೋರ್ಟ್ಸ್‌ಮೌತ್‌ನ ನೀರಿಲ್ಲದ ಹಡಗುಕಟ್ಟೆಯಲ್ಲಿ (ಡ್ರೈ ಡಾಕ್) ನಿಂತಿದೆ. ಆದರೆ ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಮರ ಬದಲಿಸಿದ್ದಾರೆ, ಎಷ್ಟು ಪದರ ಬಣ್ಣ ಬಳಿದಿದ್ದಾರೆ! ಇಪ್ಪತ್ತನೆಯ ಶತಮಾನದ ಬಹುಭಾಗ ಜನ ನೋಡಿದ್ದು ಕಡು ಹಳದಿ ಪಟ್ಟಿಗಳ ವಿಕ್ಟರಿಯನ್ನು. ಹಳೆಯ ಬಣ್ಣದ ಪದರಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆ 2015ರಲ್ಲಿ ಅದಕ್ಕೆ ತೀರ ತಿಳಿಯಾದ, ಸ್ವಲ್ಪ ಗುಲಾಬಿ ಛಾಯೆಯ ಬಣ್ಣ ಬಳಿದರು. ಕಡು ಹಳದಿಯ ಮಾದರಿ ಮಾಡಿ ಮುಗಿಸಿದ್ದವರೆಲ್ಲ ಅವತ್ತು ಬೆಳಗ್ಗೆ ಎದ್ದಾಗ ‘ತಪ್ಪು’ ಮಾಡಿದವರಾಗಿದ್ದರು.

ಮೂವತ್ತು ವರ್ಷ ಬೇಡ, ಕೆಲವೊಮ್ಮೆ ಒಂದು ವಾರ ಸಾಕು. ಜರ್ಮನಿಯ ‘ಬಿಸ್ಮಾರ್ಕ್’ 1941ರ ಮೇ ತಿಂಗಳಲ್ಲಿ ಬಂದರು ಬಿಟ್ಟು ಹೊರಟಾಗ ಬದಿಗಳ ಮೇಲೆ ಕಪ್ಪು ಬಿಳುಪು ಪಟ್ಟೆಗಳಿದ್ದವು. ಮೇ 21ರಂದು ನಾರ್ವೆಯ ಕಡಲ ಕಾಲುವೆಯೊಂದರಲ್ಲಿ ತಂಗಿದ್ದಾಗ ಆ ಪಟ್ಟೆಗಳ ಮೇಲೆ ಬೂದು ಬಣ್ಣ ಬಳಿದರು. ಮೇ 24ರಂದು ಬ್ರಿಟನ್ನಿನ ‘ಹುಡ್’ ನೌಕೆಯನ್ನು ಮುಳುಗಿಸಿತು, ಮೇ 27ರಂದು ತಾನೂ ಮುಳುಗಿತು. ಪಟ್ಟೆಯ ಬಿಸ್ಮಾರ್ಕ್ ನೋಡಲು ಚೆಂದ, ಆದ್ದರಿಂದ ಪೆಟ್ಟಿಗೆಗಳ ಮೇಲೆ ಅದೇ ಹೆಚ್ಚು ಕಾಣುತ್ತದೆ. ಆದರೆ ಅದೇ ಪಟ್ಟೆಯೊಂದಿಗೆ ‘ಹುಡ್ ಮೇಲಿನ ದಾಳಿ’ ಎಂಬ ದೃಶ್ಯ ಕಟ್ಟಿದರೆ ಮೂರು ದಿನ ತಡವಾಯಿತು.

ಹಾಗಾಗಿ ಬಲ್ಲವರು ಮಾದರಿಯ ಮುಂದೆ ನಿಂತು ಮೊದಲು ಕೇಳುವ ಪ್ರಶ್ನೆ ‘ಇದು ಯಾವ ದಿನದ ಹಡಗು?’ ಎಂಬುದು. ಉತ್ತರ ಸಿಗುವ ತನಕ ಸರಿ ತಪ್ಪಿನ ಮಾತಿಗೆ ಕಾಲೂರಲು ನೆಲವಿಲ್ಲ.

ಸಾಕ್ಷಿ ಹೇಳುವವರು ಯಾರು, ಎಷ್ಟು ನಂಬಬಹುದು

ತಾರೀಕು ಗೊತ್ತಾಯಿತು. ಆ ದಿನ ಹಡಗು ಹೇಗಿತ್ತೆಂದು ಯಾರು ಹೇಳುತ್ತಾರೆ? ಎಲ್ಲರಿಗಿಂತ ಹೆಚ್ಚು ನಂಬಿಕೆಯ ಸಾಕ್ಷಿ ಹಡಗೇ. ಉಳಿದಿದ್ದರೆ, ಅಥವಾ ಸಮುದ್ರದ ಅಡಿಯಲ್ಲೋ ಮಣ್ಣಿನಲ್ಲೋ ಸಿಕ್ಕಿದ್ದರೆ. ಆದರೆ ಹಡಗು ಕೂಡ ಬಾಯಿ ತಪ್ಪಬಹುದು. ನಾರ್ವೆಯಲ್ಲಿ 1904ರಲ್ಲಿ ಅಗೆದು ತೆಗೆದ ‘ಓಸೆಬರ್ಗ್’ ವೈಕಿಂಗ್ ಹಡಗು ಸಮಾಧಿ ದಿಬ್ಬದ ಭಾರಕ್ಕೆ ನುಚ್ಚುನೂರಾಗಿತ್ತು. ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ಆ ಜೋಡಣೆಯನ್ನೇ ನಂಬಿ 1980ರ ದಶಕದಲ್ಲಿ ಕಟ್ಟಿದ ಪೂರ್ಣ ಗಾತ್ರದ ಪ್ರತಿಯೊಂದು ಹಾಯಿ ಬಿಚ್ಚಿ ಹೊರಟಾಗ ಮೂತಿಯ ಕಡೆಯಿಂದ ನೀರು ನುಗ್ಗಿ ಮುಳುಗಿತು. ಮರದ ತುಂಡುಗಳನ್ನು ಮತ್ತೆ ಅಳೆದು ನೋಡಿದಾಗ ಮೊದಲ ಜೋಡಣೆಯಲ್ಲೇ ಮುಂಭಾಗದ ಆಕಾರ ತಪ್ಪಿತ್ತೆಂದು ಕಂಡಿತು. ತಿದ್ದಿದ ಆಕಾರದಲ್ಲಿ ಕಟ್ಟಿ 2012ರಲ್ಲಿ ನೀರಿಗಿಳಿಸಿದ ಪ್ರತಿ ಚೆನ್ನಾಗಿ ತೇಲಿತು, ಸಾಗಿತು. ಮ್ಯೂಸಿಯಂನಲ್ಲಿದ್ದ ಹಡಗನ್ನು ಒಂದು ಗೆರೆಯೂ ತಪ್ಪದಂತೆ ನಕಲು ಮಾಡಿದ್ದ ಮಾದರಿಗಾರರ ಕೆಲಸದಲ್ಲೂ ಆ ಹಳೆಯ ತಪ್ಪು ಸೇರಿಕೊಂಡಿದೆ.

ಎರಡನೆಯ ಸಾಕ್ಷಿ ನಕ್ಷೆ. ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳ ನಕ್ಷೆಗಳನ್ನು ಸಾಮಾನ್ಯವಾಗಿ 1:48 ಅಳತೆಯಲ್ಲಿ, ಅಂದರೆ ಹಡಗಿನ ಒಂದು ಅಡಿಗೆ ಕಾಲು ಇಂಚಿನಂತೆ, ಬರೆಸುತ್ತಿತ್ತು. ಅವುಗಳ ದೊಡ್ಡ ಸಂಗ್ರಹ ಲಂಡನ್ನಿನ ಗ್ರೀನಿಚ್‌ನ ರಾಷ್ಟ್ರೀಯ ಕಡಲ ಮ್ಯೂಸಿಯಂನಲ್ಲಿದೆ. ಹಡಗಿನ ಒಡಲಿನ ಆಕಾರ ತಿಳಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಕ್ಷೆ ಹೇಳುವುದು ‘ಹೀಗೆ ಕಟ್ಟಿ’ ಎಂದು. ‘ಹೀಗೆ ಕಟ್ಟಿದರು’ ಎಂದು ಹೇಳುವ ನಕ್ಷೆ ಬೇರೆ, ಅದು ಎಲ್ಲ ಹಡಗಿಗೂ ಇಲ್ಲ. ಮೇಲಾಗಿ ಹಗ್ಗಗಳ ಜಾಲ ನಕ್ಷೆಯಲ್ಲಿ ಇರುವುದೇ ಅಪರೂಪ. ಎಷ್ಟು ದೊಡ್ಡ ಹಡಗಿಗೆ ಎಷ್ಟು ದಪ್ಪದ ಹಗ್ಗ ಎಂಬುದಕ್ಕೆ ಕೋಷ್ಟಕಗಳಿದ್ದವು, ಕೆಲಸಗಾರರಿಗೆ ಅದು ಬಾಯಿಪಾಠವಾಗಿತ್ತು. ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ?

ಆ ಕಾಲದಲ್ಲೇ ಮಾಡಿದ ಮಾದರಿಗಳು ಮೂರನೆಯ ಸಾಕ್ಷಿ. ಹದಿನೇಳು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ನೇವಿ ಬೋರ್ಡ್ ಮಾದರಿ’ ಎಂದು ಈಗ ಕರೆಯುವ ಅದ್ಭುತ ಮಾದರಿಗಳು ತಯಾರಾದವು. ಕೆಳಭಾಗಕ್ಕೆ ಹಲಗೆ ಹೊಡೆಯದೆ, ಒಳಗಿನ ಮರದ ಪಕ್ಕೆಲುಬುಗಳು ಕಾಣುವಂತೆ ಬಿಟ್ಟಿರುತ್ತಾರೆ. ನೋಡಿದವರು ಹಡಗನ್ನು ಒಳಗೆ ಹೀಗೇ ಕಟ್ಟುತ್ತಿದ್ದರು ಎಂದುಕೊಳ್ಳುತ್ತಾರೆ. ಹಾಗೆ ಕಟ್ಟುತ್ತಿರಲಿಲ್ಲ. ಆ ಪಕ್ಕೆಲುಬುಗಳ ಜೋಡಣೆ ಅಂದಕ್ಕಾಗಿ ರೂಢಿಗೆ ಬಂದ ಶೈಲಿ, ನಿಜವಾದ ಹಡಗಿನ ಒಳಗಟ್ಟು ಬೇರೆಯೇ ಇತ್ತು. ಅದೇ ಮಾದರಿಯ ಮೇಲ್ಭಾಗದ ಕೆತ್ತನೆಯನ್ನು ಮಾತ್ರ ಸಂಶೋಧಕರು ಬಹಳ ನಂಬುತ್ತಾರೆ. ಒಂದೇ ಸಾಕ್ಷಿ ಅರ್ಧ ವಿಷಯದಲ್ಲಿ ನಿಖರ, ಇನ್ನರ್ಧದಲ್ಲಿ ಅಲಂಕಾರ.

ಫೋಟೊ ಇದ್ದರೆ ಮುಗಿಯಿತಲ್ಲ ಎನ್ನುವವರಿಗೆ ‘ಟೈಟಾನಿಕ್’ ಒಳ್ಳೆಯ ಪಾಠ. ಅದಕ್ಕಿಂತ ಮೊದಲು ಓಡಾಡತೊಡಗಿದ ಅದರ ಜೋಡಿ ಹಡಗು ‘ಒಲಿಂಪಿಕ್’ ಫೋಟೊಗಳು ರಾಶಿ ಇವೆ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್‌ನ ಫೋಟೊಗಳು ಕಡಿಮೆ. ಹಾಗಾಗಿ ಒಲಿಂಪಿಕ್ ಫೋಟೊದ ಅಡಿಯಲ್ಲಿ ಟೈಟಾನಿಕ್ ಎಂದು ಅಚ್ಚಾಗಿರುವುದು ಲೆಕ್ಕವಿಲ್ಲ. ಪತ್ತೆ ಹಚ್ಚುವ ಸುಲಭದ ಗುರುತೊಂದಿದೆ. ಮೇಲಿನ ‘ಎ’ ಡೆಕ್ಕಿನ ಓಡಾಟದ ಜಾಗವನ್ನು ನೋಡಿ: ಟೈಟಾನಿಕ್‌ನಲ್ಲಿ ಅದರ ಮುಂದಿನ ಅರ್ಧಕ್ಕೆ ಕಿಟಕಿಗಳ ಗೋಡೆ ಇದೆ, ಒಲಿಂಪಿಕ್‌ನಲ್ಲಿ ಉದ್ದಕ್ಕೂ ತೆರೆದಿದೆ. ಇಷ್ಟು ಗೊತ್ತಿದ್ದರೆ ಅರ್ಧದಷ್ಟು ಗೊಂದಲ ಅಲ್ಲೇ ಮುಗಿಯುತ್ತದೆ.

ಬಣ್ಣದ ವಿಷಯದಲ್ಲಂತೂ ಕಪ್ಪು ಬಿಳುಪು ಫೋಟೊ ಕೈಕೊಡುವುದೇ ಹೆಚ್ಚು. ಹಳೆಯ ಕಾಲದ ಹಲವು ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಕೆಂಪು ವಸ್ತು ಅದರಲ್ಲಿ ಕಪ್ಪಗೆ ಬೀಳುತ್ತದೆ, ನೀಲಿ ವಸ್ತು ಬೆಳ್ಳಗೆ. ‘ಫೋಟೊದಲ್ಲಿ ಕಡುಬಣ್ಣ ಕಾಣುತ್ತದೆ, ಆದ್ದರಿಂದ ಕಡುಬಣ್ಣವೇ’ ಎಂಬ ವಾದ ಈ ಕಾರಣಕ್ಕೆ ನಿಲ್ಲುವುದಿಲ್ಲ.

ಇನ್ನು ಯಾವ ಸಾಕ್ಷಿಯೂ ಇಲ್ಲದ ಹಡಗುಗಳಿವೆ, ವಿಚಿತ್ರವೆಂದರೆ ಅವೇ ಹೆಚ್ಚು ಪ್ರಸಿದ್ಧ. ಕೊಲಂಬಸ್‌ನ ‘ಸಾಂತಾ ಮರಿಯಾ’ 1492ರ ಕ್ರಿಸ್ಮಸ್ ಹೊತ್ತಿಗೆ ಈಗಿನ ಹೈಟಿಯ ಕರಾವಳಿಯಲ್ಲಿ ನೆಲಕ್ಕೆ ತಾಗಿ ನಾಶವಾಯಿತು. ಅದರ ನಕ್ಷೆಯಿಲ್ಲ, ಕಂಡು ಬರೆದ ಚಿತ್ರವಿಲ್ಲ. 1892ರಲ್ಲಿ ಸ್ಪೇನ್ ಕಟ್ಟಿಸಿದ ಪ್ರತಿಗೂ 1929ರ ಪ್ರತಿಗೂ ಹೋಲಿಕೆ ಅಷ್ಟಕ್ಕಷ್ಟೆ. 1620ರಲ್ಲಿ ಅಟ್ಲಾಂಟಿಕ್ ದಾಟಿದ ‘ಮೇಫ್ಲವರ್’ ಬಗ್ಗೆ ಸಿಕ್ಕಿರುವ ಗಟ್ಟಿ ಅಳತೆ ಒಂದೇ, ಸುಮಾರು 180 ಟನ್ ಸಾಮಾನು ಹಿಡಿಸುವ ಹಡಗು ಎಂಬ ಮಾತು. 1957ರಲ್ಲಿ ಸಾಗರ ದಾಟಿದ ಅದರ ಪ್ರತಿಯನ್ನು ಆ ಕಾಲದ ಸಾಮಾನ್ಯ ವ್ಯಾಪಾರಿ ಹಡಗುಗಳ ಅಂದಾಜಿನ ಮೇಲೆ ರೂಪಿಸಲಾಗಿತ್ತು. ಇಂಥ ಹಡಗಿನ ಮಾದರಿ ನೋಡಿ ‘ಸಾಂತಾ ಮರಿಯಾ ಹೀಗಿರಲಿಲ್ಲ’ ಎಂದರೆ ಆ ಮಾತಿಗೆ ಅರ್ಥವಿಲ್ಲ. ‘ಆ ಶತಮಾನದ ಹಡಗಿನಲ್ಲಿ ಚಕ್ರ ತಿರುಗಿಸಿ ದಿಕ್ಕು ಬದಲಿಸುವ ವ್ಯವಸ್ಥೆ ಇರಲಿಲ್ಲ, ಅದು ಬಂದದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ’ ಎಂದರೆ ಅರ್ಥವಿದೆ. ಹಡಗು ಗೊತ್ತಿಲ್ಲದಿದ್ದರೂ ಕಾಲ ಗೊತ್ತು.

ಸ್ಕೇಲ್ ಎಂಬ ಲೆಕ್ಕ

ಸ್ಕೇಲ್ ಎಂದರೆ ಎಷ್ಟು ಪಟ್ಟು ಕುಗ್ಗಿಸಿದ್ದೇವೆ ಎಂಬ ಲೆಕ್ಕ. 1:64 ಎಂದರೆ ಮಾದರಿಯ ಒಂದು ಮಿಲಿಮೀಟರ್ ನಿಜವಾದ ಹಡಗಿನ 64 ಮಿಲಿಮೀಟರ್. ಇಷ್ಟೇ. ಆದರೆ ಈ ಹವ್ಯಾಸದ ಅರ್ಧ ಜಗಳಗಳನ್ನು ಒಂದು ಗುಣಾಕಾರ ತೀರಿಸಿಬಿಡುತ್ತದೆ.

ನನ್ನದೇ ಒಂದು ಕಥೆ ಇದೆ. ಹಾಯಿಕಂಬಕ್ಕೆ ಎರಡೂ ಬದಿಯಿಂದ ಬಿಗಿದ ಹಗ್ಗಗಳಿರುತ್ತವಲ್ಲ, ಅವುಗಳಿಗೆ ಅಡ್ಡಲಾಗಿ ಸಣ್ಣ ಹಗ್ಗಗಳನ್ನು ಕಟ್ಟಿ ಏಣಿ ಮಾಡಿರುತ್ತಾರೆ, ನಾವಿಕರು ಹತ್ತಲಿಕ್ಕೆ. ನನ್ನ ಮೊದಲ 1:64 ಮಾದರಿಯಲ್ಲಿ ಈ ಅಡ್ಡಹಗ್ಗಗಳನ್ನು ಒಂದೊಂದೇ ಗಂಟು ಹಾಕಿ ಕಟ್ಟುತ್ತಿದ್ದೆ. ಒಂದು ಕಂಬದ ಒಂದು ಬದಿಗೇ ನಾಲ್ಕು ಸಂಜೆ ಹಿಡಿಯಿತು. ಹೆಮ್ಮೆಯಿಂದ ತೋರಿಸಿದೆ. ನೋಡಿದ ಹಿರಿಯರೊಬ್ಬರು ಗಂಟುಗಳನ್ನು ಭೂತಗನ್ನಡಿಯಲ್ಲಿ ನೋಡಿ, ‘ಗಂಟು ಸೊಗಸಾಗಿ ಬಂದಿದೆ. ಎರಡು ಮೆಟ್ಟಿಲ ನಡುವೆ ಎಷ್ಟು ಬಿಟ್ಟಿದ್ದೀರಿ?’ ಎಂದರು. ಹನ್ನೆರಡು ಮಿಲಿಮೀಟರ್ ಎಂದೆ. ‘ಅಲ್ಲೊಬ್ಬ ನಾವಿಕನನ್ನು ಹತ್ತಿಸಿ ನೋಡಿ’ ಎಂದರು, ಮತ್ತೇನೂ ಹೇಳಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. 12ನ್ನು 64ರಿಂದ ಗುಣಿಸಿದರೆ 768 ಮಿಲಿಮೀಟರ್, ಮುಕ್ಕಾಲು ಮೀಟರಿಗೂ ಹೆಚ್ಚು. ನನ್ನ ಹಡಗಿನ ನಾವಿಕ ಪ್ರತಿ ಹೆಜ್ಜೆಗೂ ಮೊಣಕಾಲನ್ನು ಎದೆಗೆ ತಾಗಿಸಬೇಕಿತ್ತು, ಅದೂ ಬಿರುಗಾಳಿಯಲ್ಲಿ. ನಿಜವಾದ ಹಡಗಿನಲ್ಲಿ ಆ ಅಂತರ ಸುಮಾರು 33ರಿಂದ 38 ಸೆಂಟಿಮೀಟರ್, ಅಂದರೆ 1:64ರಲ್ಲಿ ಐದಾರು ಮಿಲಿಮೀಟರ್. ಅಷ್ಟೂ ಬಿಚ್ಚಿದೆ. ಬೇಸರವಾಯಿತು, ಆದರೆ ಆ ಹಿರಿಯರ ಮೇಲಲ್ಲ.

ತಾಮ್ರದ ತಗಡಿನ ಕಥೆಯೂ ಇಂಥದ್ದೇ. ಮರ ಕೊರೆಯುವ ಹುಳುವಿನಿಂದಲೂ ಪಾಚಿಯಿಂದಲೂ ಒಡಲನ್ನು ಕಾಪಾಡಲು ತಗಡು ಹೊದಿಸುತ್ತಿದ್ದರು. ಬ್ರಿಟಿಷ್ ಹಡಗುಗಳಲ್ಲಿ ಒಂದು ತಗಡು ಸುಮಾರು 122 ಸೆಂಟಿಮೀಟರ್ ಉದ್ದ, 36 ಸೆಂಟಿಮೀಟರ್ ಅಗಲ. ಮೊಳೆಗಳ ತಲೆ ತಗಡಿನ ಮಟ್ಟಕ್ಕೇ ಕೂರುವಂತೆ ಹೊಡೆಯುತ್ತಿದ್ದರು, ನೀರು ಜಾರಿಹೋಗಬೇಕಲ್ಲ. ಹಲವು ಕಿಟ್‌ಗಳಲ್ಲಿ ಬರುವ ತಗಡುಗಳ ಮೇಲೆ ಮೊಳೆಗಳು ಸಾಸಿವೆಯಂತೆ ಉಬ್ಬಿರುತ್ತವೆ. 1:96ರಲ್ಲಿ ಒಂದು ಮಿಲಿಮೀಟರಿನ ಉಬ್ಬು ಎಂದರೆ ನಿಜದಲ್ಲಿ ಸುಮಾರು ಹತ್ತು ಸೆಂಟಿಮೀಟರ್, ಒಡಲಿನ ತುಂಬ ಬಟ್ಟಲು ಬೋರಲು ಹಾಕಿದ ಹಾಗೆ. ಎರಡು ಸೆಂಟಿಮೀಟರಿನ ನಿಜವಾದ ಮೊಳೆತಲೆ ಆ ಸ್ಕೇಲಿನಲ್ಲಿ 0.2 ಮಿಲಿಮೀಟರ್, ಕೈಯಳತೆ ದೂರದಿಂದ ಕಣ್ಣಿಗೆ ಬೀಳುವುದೇ ಕಷ್ಟ. ನಯವಾಗಿ ಬಿಟ್ಟ ಒಡಲು ಇಲ್ಲಿ ಹೆಚ್ಚು ನಿಖರ.

‘ರಿವೆಟ್ ಎಣಿಸುವವರು’ ಎಂಬ ಅಡ್ಡಹೆಸರು ಈ ಲೋಕದಲ್ಲಿ ಚಾಲ್ತಿಯಲ್ಲಿದೆ. ಕಬ್ಬಿಣದ ಹಡಗಿನ ತಗಡುಗಳನ್ನು ಜೋಡಿಸುವ ರಿವೆಟ್‌ಗಳನ್ನು ಒಂದೊಂದಾಗಿ ಎಣಿಸಿ ‘ಎರಡು ಕಡಿಮೆ ಇದೆ’ ಎನ್ನುವವರು, ನಮ್ಮ ಮಾತಿನಲ್ಲಿ ಮೊಸರಲ್ಲಿ ಕಲ್ಲು ಹುಡುಕುವವರು. ಆದರೆ ಲೆಕ್ಕ ಗೊತ್ತಿರುವ ರಿವೆಟ್ ಎಣಿಕೆಗಾರರು ಒಳ್ಳೆಯ ಗೆಳೆಯರಾಗಬಲ್ಲರು, ಏಕೆಂದರೆ ಯಾವುದನ್ನು ಮಾಡಲೇಬಾರದು ಎಂಬುದೂ ಅವರಿಗೆ ಗೊತ್ತಿರುತ್ತದೆ. 1:700ರಲ್ಲಿ ಮೂರು ಸೆಂಟಿಮೀಟರ್ ದಪ್ಪದ ಕಟಕಟೆಯ ಕಂಬಿ 0.04 ಮಿಲಿಮೀಟರ್ ಆಗಬೇಕು, ತಲೆಗೂದಲಿಗಿಂತ ತೆಳ್ಳಗೆ. 0.1 ಮಿಲಿಮೀಟರಿನ ಹಿತ್ತಾಳೆ ಹಾಳೆಯಲ್ಲಿ ಕೊರೆದ ಕಂಬಿ ಹಾಕಿದರೂ ಅದು ಏಳು ಸೆಂಟಿಮೀಟರ್ ದಪ್ಪದ ಕಂಬವಾಯಿತು. ಇಲ್ಲಿ ತಪ್ಪು ಯಾರದೂ ಅಲ್ಲ, ಹಿತ್ತಾಳೆಯ ಮಿತಿ.

ಎಲ್ಲ ‘ತಪ್ಪು’ ಒಂದೇ ಅಲ್ಲ

ವಾಸಾದ ನೀಲಿ, ಸಾಂತಾ ಮರಿಯಾದ ಆಕಾರ, ಹಿತ್ತಾಳೆ ಕಂಬಿ, ನನ್ನ ಹಗ್ಗದೇಣಿ: ನಾಲ್ಕನ್ನೂ ‘ತಪ್ಪು’ ಎಂಬ ಒಂದೇ ಪದದಲ್ಲಿ ಕರೆದರೆ ನಾಲ್ಕೂ ಅರ್ಥವಾಗುವುದಿಲ್ಲ. ಮೊದಲನೆಯದು ಹಳೆಯ ತಿಳಿವಳಿಕೆ. ಎರಡನೆಯದು ಯಾರಿಗೂ ಗೊತ್ತಿಲ್ಲದ್ದು. ಮೂರನೆಯದು ವಸ್ತುವಿನ ಮಿತಿ. ನಾಲ್ಕನೆಯದೊಂದೇ ಕಟ್ಟಿದವರ ಕೈತಪ್ಪು. ಐದನೆಯ ಬಗೆಯೂ ಇದೆ, ಬೇಕೆಂದೇ ಮಾಡಿದ್ದು. ಹಾಯಿ ಹಾಕದೆ ಕಂಬಗಳನ್ನು ಬರಿದೇ ಬಿಡುವುದು, ಬಣ್ಣ ಬಳಿಯದೆ ಮರದ ಬಣ್ಣವನ್ನೇ ಉಳಿಸುವುದು. ವಿಕ್ಟರಿ ಎಂದೂ ಬೆತ್ತಲೆ ಮರದ ಬಣ್ಣದಲ್ಲಿ ಕದನಕ್ಕೆ ಹೋಗಿರಲಿಲ್ಲ, ನಿಜ. ಆದರೆ ಒಳ್ಳೆಯ ಪಿಯರ್ ಹಣ್ಣಿನ ಮರದಲ್ಲಿ ಹಲಗೆ ಹೊಡೆದವರು ಅದನ್ನು ಬಣ್ಣದಲ್ಲಿ ಮುಚ್ಚಲು ಒಪ್ಪದಿದ್ದರೆ ಅದು ಅಜ್ಞಾನವಲ್ಲ.

ಕೈತಪ್ಪಿಗೂ ಹೆಚ್ಚಾಗಿ ಒಂದು ‘ಯಾಕೆ’ ಇರುತ್ತದೆ, ಅದನ್ನು ಹೇಳಿದರೆ ಕೇಳುವವರಿಗೆ ಹಿಡಿಸುತ್ತದೆ. ಉದಾಹರಣೆಗೆ ಹೊಸಬರು ಹಡಗಿನ ಮೂತಿಯ ಬಳಿ ಹಲಗೆಗಳನ್ನು ಪೆನ್ಸಿಲಿನ ತುದಿಯಂತೆ ಚೂಪಾಗಿ ಕೊರೆದು ಮುಗಿಸುತ್ತಾರೆ. ಮಾದರಿಯಲ್ಲಿ ಅಂಟು ಹಿಡಿಯುತ್ತದೆ, ನಿಲ್ಲುತ್ತದೆ. ನಿಜವಾದ ಹಡಗಿನಲ್ಲಿ ಆ ಚೂಪು ತುದಿಗೆ ಮೊಳೆ ಹೊಡೆದರೆ ಮರ ಸೀಳಿಹೋಗುತ್ತಿತ್ತು, ಅಲ್ಲಿಂದ ನೀರು ಸೋರುತ್ತಿತ್ತು. ಅದಕ್ಕೇ ಬಡಗಿಗಳು ಹಲಗೆಯ ತುದಿಯಲ್ಲಿ ಅಗಲ ಉಳಿಸಿ, ಪಕ್ಕದ ಹಲಗೆಯಲ್ಲಿ ಅದಕ್ಕೆ ಜಾಗ ಕಚ್ಚು ಮಾಡುತ್ತಿದ್ದರು. ‘ಚೂಪು ಮಾಡಬಾರದು’ ಎಂಬ ನಿಯಮವನ್ನು ಮರೆಯಬಹುದು. ‘ಮೊಳೆ ಎಲ್ಲಿ ಹೊಡೆಯುತ್ತೀರಿ?’ ಎಂಬ ಪ್ರಶ್ನೆಯನ್ನು ಮರೆಯುವುದು ಕಷ್ಟ.

ಹೇಳುವವರ ಕೆಲಸ

ಇಷ್ಟು ತಿಳಿದ ಮೇಲೆ ಟೀಕೆಯ ಮರ್ಯಾದೆ ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಮೆತ್ತಗಿನ ದನಿಯಲ್ಲಿ ಹೇಳಿದ ಮಾತ್ರಕ್ಕೆ ಟೀಕೆ ಗೌರವದ್ದಾಗುವುದಿಲ್ಲ. ‘ಚೆನ್ನಾಗಿದೆ, ಆದರೂ ಏನೋ ಸರಿಯಿಲ್ಲ’ ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎರಡೂ ಕಡೆ ಬೆಳಕಿಲ್ಲ. ಕಟ್ಟಿದವರು ತಿದ್ದಲೂ ಆಗದೆ ಮರೆಯಲೂ ಆಗದೆ ಒದ್ದಾಡುತ್ತಾರೆ.

ಮೊದಲು ಕೇಳಬೇಕಾದ್ದು ಗುರಿ. ಯಾವ ವರ್ಷದ ಹಡಗು, ಯಾವ ನಕ್ಷೆ, ಕಿಟ್ಟನ್ನು ಇದ್ದ ಹಾಗೆ ಕಟ್ಟುತ್ತಿದ್ದೀರಾ ಅಥವಾ ತಿದ್ದುತ್ತಿದ್ದೀರಾ. ಮಗಳ ಜೊತೆ ರಜೆಯಲ್ಲಿ ಕೂತು ಕಟ್ಟಿದ ಹಡಗಿಗೂ ಸ್ಪರ್ಧೆಗೆಂದು ದಾಖಲೆ ಸಮೇತ ಕಟ್ಟಿದ ಹಡಗಿಗೂ ಒಂದೇ ತಕ್ಕಡಿ ಹಿಡಿಯಲಾಗದು.

ಆಮೇಲೆ ಆಧಾರ. ‘ಬಣ್ಣ ತಪ್ಪು’ ಎನ್ನುವ ಬದಲು, ‘ಈ ಬಣ್ಣ 1990ರ ದಶಕದ ಮೊದಲಿನ ಅಂದಾಜು, ಆಮೇಲೆ ಮರದಲ್ಲಿ ಕೆಂಪು ಸಿಕ್ಕಿದೆ’ ಎಂದರೆ ಕೇಳಿದವರಿಗೆ ಹುಡುಕಲು ಒಂದು ದಾರಿ ಸಿಗುತ್ತದೆ. ಹೇಳುವವರಿಗೂ ಇದರಿಂದ ಒಂದು ಲಾಭ. ಆಧಾರ ಹುಡುಕಲು ಹೊರಟಾಗ ತಾವು ನಂಬಿದ್ದು ಇನ್ನೊಂದು ಮಾದರಿಯನ್ನು ನೋಡಿ ಕಲಿತದ್ದು ಎಂದು ಎಷ್ಟೋ ಸಲ ಗೊತ್ತಾಗುತ್ತದೆ. ಮಾದರಿ ನೋಡಿ ಮಾದರಿ, ಅದನ್ನು ನೋಡಿ ಮತ್ತೊಂದು. ತಪ್ಪುಗಳು ತಲೆಮಾರು ದಾಟುವುದೇ ಹೀಗೆ.

ಹೊತ್ತೂ ಮುಖ್ಯ. ಹಲಗೆಗೆ ಇನ್ನೂ ಅಂಟು ಹಾಕಿಲ್ಲದಾಗ ಹೇಳಿದ ಮಾತು ಸಹಾಯ. ಗಾಜಿನ ಪೆಟ್ಟಿಗೆಯೊಳಗೆ ಸೇರಿದ ಮೇಲೆ, ಕೇಳದೆ ಹೇಳಿದ ಅದೇ ಮಾತು ಬರೀ ನೋವು. ಮುಗಿದ ಮಾದರಿಯ ಬಗ್ಗೆ ನನ್ನ ರೂಢಿ ಇಷ್ಟು: ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಚೀಟಿಯಲ್ಲಿ ಬರೆದದ್ದು ಇತಿಹಾಸಕ್ಕೆ ನೇರ ವಿರುದ್ಧವಾಗಿದ್ದಾಗ ಮಾತ್ರ, ಪಕ್ಕಕ್ಕೆ ಕರೆದು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಎದುರಿಗೇ ಹೇಳಿದರೆ ಪಕ್ಕದಲ್ಲಿ ನಿಂತ ಹೊಸಬರೂ ಕಲಿಯುತ್ತಾರಲ್ಲ ಎನ್ನುವವರ ಮಾತಿನಲ್ಲೂ ತೂಕವಿದೆ.

ಕೇಳಿಸಿಕೊಳ್ಳುವವರ ಕೆಲಸ

ಕಟ್ಟುವವರ ಕೈಯಲ್ಲಿ ಇರುವ ಒಳ್ಳೆಯ ಉಪಾಯ, ಬೇಕಾದ್ದನ್ನು ಮೊದಲೇ ಹೇಳಿಬಿಡುವುದು. ‘ಹೇಗಿದೆ?’ ಎಂದು ಕೇಳಿದರೆ ಏನು ಬೇಕಾದರೂ ಬರಬಹುದು. ‘ಹಿಂದಿನ ಕಂಬದ ಹಗ್ಗ 1:64ಕ್ಕೆ ದಪ್ಪವಾಯಿತೇ?’ ಎಂದರೆ ಹಗ್ಗದ ಬಗ್ಗೆಯೇ ಉತ್ತರ ಬರುತ್ತದೆ.

ಬಂದ ಟೀಕೆಗೆ ‘ಇದಕ್ಕೆ ಆಧಾರ ಯಾವುದು?’ ಎಂದು ಕೇಳುವುದು ಜಗಳವಲ್ಲ. ಆಧಾರ ಬಂದರೆ ಬರೆದಿಟ್ಟುಕೊಳ್ಳಬಹುದು, ಈ ಹಡಗಿಗೆ ಆಗದಿದ್ದರೆ ಮುಂದಿನದಕ್ಕೆ. ಬಿಚ್ಚಿ ಮತ್ತೆ ಕಟ್ಟಲೇಬೇಕೆಂಬ ಕಡ್ಡಾಯವೂ ಇಲ್ಲ. ಬಿಚ್ಚುವಾಗ ಹಾಳಾಗುವುದೆಷ್ಟು, ಸುಧಾರಿಸುವುದೆಷ್ಟು ಎಂಬ ಲೆಕ್ಕ ಕಟ್ಟಿದವರಿಗಲ್ಲದೆ ಬೇರೆಯವರಿಗೆ ಗೊತ್ತಿರುವುದಿಲ್ಲ.

ಅಳತೆ ತಪ್ಪಿದರೂ ಬೆಲೆ ತಪ್ಪದವು

ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕು ಬ್ರಿಟನ್ನಿನ ಬಂದೀಖಾನೆಗಳಲ್ಲಿದ್ದ ಫ್ರೆಂಚ್ ಕೈದಿಗಳು ಊಟದಲ್ಲಿ ಉಳಿದ ಮೂಳೆಗಳನ್ನು ಕೊರೆದು ಹಡಗು ಮಾಡುತ್ತಿದ್ದರು, ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಅವುಗಳಲ್ಲಿ ಹಲವುಗಳ ಕಂಬಗಳು ತೀರ ಎತ್ತರ, ಒಡಲಿಗೂ ಫಿರಂಗಿಗಳಿಗೂ ಹೊಂದಿಕೆಯಿಲ್ಲ. ನಕ್ಷೆ ನೋಡಲು ಕೈದಿಗೆ ಯಾರು ಕೊಡುತ್ತಾರೆ? ಇವತ್ತು ಮ್ಯೂಸಿಯಂಗಳು ಅವನ್ನು ಜೋಪಾನವಾಗಿ ಇಟ್ಟುಕೊಂಡಿವೆ. ಅವುಗಳಿಗೆ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ.

ಇನ್ನೊಂದು, ಸ್ಪೇನಿನ ಕತಲೋನಿಯಾದ ಮತಾರೋ ಊರಿನದೆಂದು ಹೆಸರಾದ ಹದಿನೈದನೆಯ ಶತಮಾನದ ಮಾದರಿ. ಹರಕೆಯಾಗಿ ದೇವಾಲಯಕ್ಕೆ ಒಪ್ಪಿಸಿದ್ದು, ಈಗ ರೋಟರ್‌ಡ್ಯಾಮ್‌ನ ಕಡಲ ಮ್ಯೂಸಿಯಂನಲ್ಲಿದೆ. ಮಾಡಿದವರಿಗೆ ಸ್ಕೇಲಿನ ಚಿಂತೆ ಇರಲಿಲ್ಲ, ಉದ್ದ ಅಗಲದ ಹೊಂದಿಕೆ ಅಷ್ಟಕ್ಕಷ್ಟೆ. ಆದರೆ ಕೊಲಂಬಸ್ ಕಾಲದ ಹಡಗುಗಳ ಮರಗೆಲಸ ಹೇಗಿತ್ತೆಂದು ತಿಳಿಯಲು ಸಂಶೋಧಕರು ಮತ್ತೆ ಮತ್ತೆ ಹೋಗುವುದು ಅದರ ಬಳಿಗೇ. ಇಂದಿನ ‘ನಿಖರ’ ಸಾಂತಾ ಮರಿಯಾ ಮಾದರಿಗಳ ಹಿಂದೆ ಅಳತೆ ತಪ್ಪಿದ ಈ ಹರಕೆಯ ಹಡಗು ಇದೆ.

ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಯುದ್ಧನೌಕೆಯ ಮಾತೂ ಹತ್ತಿರದ್ದೇ. ಅದರ ಸಿಬ್ಬಂದಿ 1812ರ ಸುಮಾರಿಗೆ ತಮ್ಮ ಕಪ್ತಾನ ಐಸಾಕ್ ಹಲ್ ಅವರಿಗೆ ಕೈಯಾರೆ ಒಂದು ಮಾದರಿ ಮಾಡಿಕೊಟ್ಟರು. ಅದೀಗ ಅಮೆರಿಕದ ಸೇಲಂ ಊರಿನ ಮ್ಯೂಸಿಯಂನಲ್ಲಿದೆ. ನುರಿತ ಮಾದರಿಗಾರರು ಮಾಡಿದ್ದಲ್ಲ, ಅಳತೆಗಳು ಅಲ್ಲಲ್ಲಿ ಜಾರಿವೆ. ಆದರೆ ಆ ಹಡಗಿನ ಮೇಲೇ ದಿನ ಕಳೆದವರು ಕಂಡದ್ದನ್ನು ಕಂಡ ಹಾಗೆ ಮಾಡಿದ್ದು. 1812ರಲ್ಲಿ ಹಡಗು ಹೇಗೆ ಕಾಣುತ್ತಿತ್ತು ಎಂಬ ಪ್ರಶ್ನೆ ಎದ್ದಾಗ ಅದೂ ಒಂದು ದೊಡ್ಡ ಸಾಕ್ಷಿ.

ಚೀಟಿಯಲ್ಲಿ ಏನು ಬರೆಯುವುದು

ಕೊನೆಗೆ ಆ ನೀಲಿ ವಾಸಾಕ್ಕೆ ಬರೋಣ. ಅದನ್ನು ಕೆಂಪು ಮಾಡುವುದು ಸುಲಭವಲ್ಲ. ನೂರಾರು ಸಣ್ಣ ಕೆತ್ತನೆಗಳ ಹಿಂದೆ ಕುಂಚ ಹೋಗುವುದಿಲ್ಲ, ಕಿತ್ತರೆ ಮುರಿಯುತ್ತವೆ. ಮ್ಯೂಸಿಯಂಗಳು ಮಾಡುವ ಕೆಲಸವನ್ನೇ ಇಲ್ಲೂ ಮಾಡಬಹುದು: ಹಡಗಿನ ಹೆಸರು, ಇಸವಿ, ಸ್ಕೇಲ್, ಯಾವ ನಕ್ಷೆ ಅಥವಾ ಕಿಟ್, ಯಾವುದು ಗೊತ್ತಿರುವುದು, ಯಾವುದು ಊಹೆ ಎಂದು ಅಂಗೈಯಗಲದ ಚೀಟಿಯಲ್ಲಿ ಬರೆಯುವುದು. ‘ವಾಸಾ, 1628. ಬಣ್ಣಗಳು 1990ರ ದಶಕದ ಸಂಶೋಧನೆಗೆ ಮೊದಲಿನ ಅಂದಾಜಿನಂತೆ.’ ಇಷ್ಟು ಬರೆದಿದ್ದರೆ ಆವತ್ತು ಕನ್ನಡಕದವರು ಪಕ್ಕದ ಮೇಜಿಗೆ ಹೋಗುವ ಬದಲು ನಿಂತು, ಆ ಸಂಶೋಧನೆಯಲ್ಲಿ ಏನು ಸಿಕ್ಕಿತು ಎಂದು ಮಾತಿಗಿಳಿಯುತ್ತಿದ್ದರೋ ಏನೋ.